ಕೈಕೆಲಸ ಪ್ರಶ್ನೋತ್ತರ: ತಗಡಿನ ಮೇಲೆ ಮರದ ಗೆರೆ

ಹೋದ ಸಂಚಿಕೆಯಲ್ಲಿ ಮೊಕುಮೆ-ಗಾನೆ ತಗಡಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಬೆಳ್ಳಿ, ತಾಮ್ರ, ಹಿತ್ತಾಳೆ ಹೀಗೆ ಬೇರೆ ಬೇರೆ ಲೋಹದ ಪದರಗಳನ್ನು ಕೂಡಿಸಿ, ಬೀಟೆ ಮರದ ಹಲಗೆಯ ಮೇಲೆ ಕಾಣುತ್ತದಲ್ಲ, ಅಂಥ ಗೆರೆ ಬರಿಸಿದ ತಗಡು ಅದು. ಜಪಾನಿನ ಹೆಸರು. ಮರದ ಕಣ್ಣಿನ ಲೋಹ ಅಂತ ಅರ್ಥ. ಬರೆದದ್ದು ನಾಲ್ಕೇ ಸಾಲು, ಬಂದ ಪ್ರಶ್ನೆಗಳು ಮಾತ್ರ ಒಂದು ಚೀಲ. ನನ್ನ ವಿರಾಜಪೇಟೆಯ ಬೆಂಚಿನಲ್ಲಿ ಈ ಕೆಲಸ ಮಾಡಿ, ಕೆಡಿಸಿ ಕಲಿತದ್ದಷ್ಟನ್ನೇ ಇಲ್ಲಿ ಹೇಳುತ್ತೇನೆ.

ಅಕ್ಕಾ, ಬೆಂಗಳೂರಿನ ನೆಂಟರೊಬ್ಬರು ಬೆಳ್ಳಿ-ತಾಮ್ರದ ಎರಡಿಂಚು ತುಂಡು ತಂದುಕೊಟ್ಟಿದ್ದರು. ಎಲೆಯ ಆಕಾರಕ್ಕೆ ಕತ್ತರಿಸಿ, ಹಿಂದೆ ಕೊಂಡಿಗೆ ಬೆಸುಗೆ ಹಾಕುವಾಗ ಅಂಚಿನಲ್ಲಿ ಪದರ ಬಿಟ್ಟುಕೊಂಡಿತು. ನಡುವೆ ಒಂದು ಗುಳ್ಳೆಯೂ ಎದ್ದಿದೆ. ಬೆಳ್ಳಿ ಕರಗಲು 960 ಡಿಗ್ರಿ ಬೇಕಲ್ವಾ? ಅಷ್ಟು ಬಿಸಿ ನಾನು ಖಂಡಿತ ಮಾಡಿಲ್ಲ. (ಗೋಣಿಕೊಪ್ಪ)

ನೀವು ಮಾಡಿಲ್ಲ, ನಂಬುತ್ತೇನೆ. ಆದರೆ ಅಷ್ಟು ಬಿಸಿ ಬೇಕಾಗಿಯೂ ಇರಲಿಲ್ಲ.

ಬೆಳ್ಳಿ ಒಂದೇ ಇದ್ದರೆ ಸುಮಾರು 962 ಡಿಗ್ರಿಗೆ ಕರಗುತ್ತದೆ, ತಾಮ್ರ ಒಂದೇ ಇದ್ದರೆ 1085ಕ್ಕೆ. ಎರಡೂ ಮೈಗೆ ಮೈ ತಾಗಿಕೊಂಡಿದ್ದರೆ ಮಾತ್ರ ಲೆಕ್ಕವೇ ಬೇರೆ. ತಾಗಿದ ಜಾಗದಲ್ಲಿ ಒಂದರೊಳಗೊಂದು ಬೆರೆತು, 779 ಡಿಗ್ರಿಗೇ ನೀರಾಗುತ್ತದೆ. 72 ಭಾಗ ಬೆಳ್ಳಿಗೆ 28 ಭಾಗ ತಾಮ್ರ ಸೇರಿದ ಮಿಶ್ರಣದ ಕರಗುವ ಬಿಸಿ ಅದು. ನಿಮ್ಮ ತಗಡಿನಲ್ಲಿ ಅಂಥ ತಾಗುವ ಜಾಗ ಒಂದಲ್ಲ, ಹತ್ತೋ ಇಪ್ಪತ್ತೋ ಇರುತ್ತವೆ. ನಮ್ಮ ಅಕ್ಕಸಾಲಿಗರು ಬೆಳ್ಳಿ ಬೆಸುಗೆಯನ್ನು ಯಾವುದರಿಂದ ಮಾಡುತ್ತಾರೆ ನೆನಪಿಸಿಕೊಳ್ಳಿ. ಬೆಳ್ಳಿಗೆ ಹಿತ್ತಾಳೆ ಹಾಕಿ ಅಲ್ವಾ? ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹಾಗಾಗಿ ತಗಡಿನಲ್ಲಿ ಬೆಳ್ಳಿಯ ಪಕ್ಕ ಹಿತ್ತಾಳೆ ಪದರ ಇದ್ದರೆ ಇನ್ನೂ ಕಷ್ಟ, ಅದು 779ರ ತನಕವೂ ಕಾಯುವುದಿಲ್ಲ. ಒಂದೊಂದು ಪದರದ ನಡುವೆಯೂ ಬೆಸುಗೆ ಹುಟ್ಟಿಕೊಳ್ಳಲು ತಯಾರಾಗಿ ಕೂತಿದೆ ಅಂತ ಇಟ್ಟುಕೊಳ್ಳಿ.

ಇಂಥ ತಗಡನ್ನು ಸರಿಯಾಗಿ ಮಾಡುವವರು ಪದರಗಳ ನಡುವೆ ಬೆಸುಗೆ ಹಾಕುವುದಿಲ್ಲ. ಚೊಕ್ಕ ಮಾಡಿ, ಒತ್ತಿ ಹಿಡಿದು, ಕರಗುವುದಕ್ಕಿಂತ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಲೋಹಗಳು ತಾವೇ ಒಂದರೊಳಗೊಂದು ಇಳಿದು ಕೂಡಿಕೊಳ್ಳುತ್ತವೆ. ಆ ಕೂಡಿಕೆ ಗಟ್ಟಿಯೇ. ಎಲ್ಲೋ ಒಂದು ಚುಕ್ಕಿಯಷ್ಟು ಜಾಗದಲ್ಲಿ ಕೂಡದೆ ಗಾಳಿ ಉಳಿದಿದ್ದರೆ ಬಿಸಿಗೆ ಅದು ಗುಳ್ಳೆಯಾಗುತ್ತದೆ. ಗುಳ್ಳೆ ನಿಮ್ಮ ತಪ್ಪಲ್ಲದೆಯೂ ಇರಬಹುದು. ಅಂಚು ಬಿಟ್ಟದ್ದು ಮಾತ್ರ ಬೆಂಕಿಯ ಕೆಲಸ. ಕೊಂಡಿ ಚಿಕ್ಕದು ಅಂತ ನೀವು ಬೆಂಕಿಯನ್ನು ಅಂಚಿಗೇ ಹಿಡಿದಿರುತ್ತೀರಿ.

ಮುಂದಿನ ಸಲ ಹೀಗೆ ಮಾಡಿ. ಕಡಿಮೆ ಬಿಸಿಗೆ ಹರಿಯುವ ಬೆಸುಗೆ ತಗೊಳ್ಳಿ, ಅಂಗಡಿಯಲ್ಲಿ ಈಸಿ ಸೋಲ್ಡರ್ ಅಂತಲೇ ಸಿಗುತ್ತದೆ. ಕ್ಯಾಡ್ಮಿಯಂ ಇರುವುದು ಬೇಡ, ಅದರ ಹೊಗೆ ವಿಷ. ತಗಡನ್ನು ಇಟ್ಟಿಗೆಯ ಮೇಲೆ ನೇರ ಮಲಗಿಸಬೇಡಿ. ಕಬ್ಬಿಣದ ಜಾಲರಿಯ ಮೇಲಿಟ್ಟು ಕೆಳಗಿನಿಂದ ಕಾಯಿಸಿ, ಇಡೀ ತುಂಡು ಒಟ್ಟಿಗೆ ಬಿಸಿಯಾಗಲಿ. ಬೆಸುಗೆ ಹರಿಯಲೆಂದು ಹಚ್ಚಿದ ಬಿಳಿಗಾರ (ಬೋರಾಕ್ಸ್) ಮೊದಲು ಉಬ್ಬುತ್ತದೆ, ಆಮೇಲೆ ಕೂತು ಗಾಜಿನ ಹಾಗೆ ಆಗುತ್ತದೆ. ಅಲ್ಲಿಂದಾಚೆ ಕಣ್ಣು ಕೀಳಬೇಡಿ. ಕಿಟಕಿ ಬಿಸಿಲಿಗೆ ಕೂತು ಈ ಕೆಲಸ ಮಾಡಲೇಬೇಡಿ, ಬೆಳಕಿನಲ್ಲಿ ಮಸುಕು ಕೆಂಪು ಕಾಣುವುದೇ ಇಲ್ಲ, ನಿಮಗೆ ಕೆಂಪು ಕಂಡಿತು ಅನ್ನುವಾಗ ಆಗಲೇ ತಡವಾಗಿರುತ್ತದೆ. ನಮ್ಮ ಜುಲೈ ತಿಂಗಳ ಮಧ್ಯಾಹ್ನ, ಹೊರಗೆ ಧಾರಾಕಾರ ಮಳೆ, ಕರೆಂಟೂ ಇಲ್ಲ ಅನ್ನುವ ಹೊತ್ತೇ ಒಳ್ಳೆಯದು. ಕತ್ತಲಲ್ಲಿ ಈಗಷ್ಟೇ ಕೆಂಪಾಯಿತೋ ಇಲ್ಲವೋ ಅನ್ನುವ ಬಣ್ಣ ಬರುವಷ್ಟರಲ್ಲಿ ಬೆಸುಗೆ ಮಿಂಚಿನ ಹಾಗೆ ಓಡುತ್ತದೆ. ಓಡಿದ ಕೂಡಲೇ ಬೆಂಕಿ ತೆಗೆಯಿರಿ. ಕೆಂಪಿರುವಾಗ ನೀರಿಗೆ ಹಾಕಬೇಡಿ, ಕಪ್ಪಾಗುವ ತನಕ ಬಿಡಿ. ಬೆಳ್ಳಿ ಒಂದು ಲೆಕ್ಕದಲ್ಲಿ ಕುಗ್ಗುತ್ತದೆ, ತಾಮ್ರ ಇನ್ನೊಂದು ಲೆಕ್ಕದಲ್ಲಿ. ಸುಮ್ನೆ ಯಾಕೆ ಜಗಳ ಹಚ್ಚುವುದು.

ಈಗ ಬಿಟ್ಟುಕೊಂಡಿರುವ ತುಂಡಿಗೆ: ಬಿಟ್ಟ ಸಂದಿಯನ್ನು ಹುಳಿಯಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಬಿಳಿಗಾರದ ನೀರು ಇಳಿಸಿ, ಸಂದಿಗೆ ಬೆಸುಗೆ ಚೂರು ಇಟ್ಟು, ಕಬ್ಬಿಣದ ಬೈಂಡಿಂಗ್ ತಂತಿಯಿಂದ ಬಿಗಿದು ಮೆಲ್ಲಗೆ ಕಾಯಿಸಿದರೆ ಕೂಡಿಕೊಳ್ಳುತ್ತದೆ. ಗುಳ್ಳೆ ಇರುವ ಭಾಗವನ್ನು ಕತ್ತರಿಸಿ ಬಿಡಿ. ಎಲೆ ಚಿಕ್ಕದಾಗುತ್ತದೆ, ಆಗಲಿ. ನನ್ನ ಮೊದಲನೇ ತಗಡು ಎಲೆಯೂ ಆಗಲಿಲ್ಲ, ಮುದ್ದೆ ಆಯಿತು. ಈಗಲೂ ಬೆಂಚಿನ ಮೇಲೆ ಕಾಗದ ಹಾರದ ಹಾಗೆ ಒತ್ತಿಡಲು ಅದೇ.

ಕಾಯಿಸಿದ ಮೇಲೆ ಕಪ್ಪು ತೆಗೆಯಲು ಆಸಿಡ್ ಬದಲು ಕಾಚಂಪುಳಿ (ಅಡುಗೆಗೆ ಹಾಕುವ ನಮ್ಮ ಕೊಡಗಿನ ಹಣ್ಣಿನ ಹುಳಿ) ಬಳಸಬಹುದಾ? ಮನೆಯಲ್ಲಿ ಎರಡು ಬಾಟಲಿ ಇದೆ. (ಸೋಮವಾರಪೇಟೆ)

ಹುಳಿ ಹುಳಿಯೇ, ತಾಮ್ರದ ಕಪ್ಪು ಹೋಗುತ್ತದೆ. ಆದರೆ ಅಷ್ಟು ಹೊತ್ತು ಕುದಿಸಿ ಇಳಿಸಿದ ಕಪ್ಪು ರಸವನ್ನು ತಗಡು ತೊಳೆಯಲು ಸುರಿದಿರಿ ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತಾದರೆ ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ. ಅದನ್ನು ಪಂದಿ ಕರಿಗೆ ಇಟ್ಟುಕೊಳ್ಳಿ. ಹುಣಸೆಹುಳಿ ಸಾಕು. ಇಲ್ಲವೇ ನಿಂಬೆ ಉಪ್ಪು ಅಂತ ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಹರಳನ್ನು ಬಿಸಿ ನೀರಿಗೆ ಹಾಕಿ, ತಗಡು ಮುಳುಗಿಸಿ, ಆಮೇಲೆ ಅಂಟುವಾಳದ ನೊರೆಯಲ್ಲಿ ಉಜ್ಜಿ.

ಒಂದೇ ಎಚ್ಚರ. ಆ ಹುಳಿನೀರಿಗೆ ಕಬ್ಬಿಣದ ಚಿಮಟ ಅದ್ದಬೇಡಿ, ಬೈಂಡಿಂಗ್ ತಂತಿ ಬಿಚ್ಚದೆ ಹಾಕಬೇಡಿ. ನೀರಿನಲ್ಲಿ ಕರಗಿದ ತಾಮ್ರವೆಲ್ಲ ಬಂದು ಬೆಳ್ಳಿಯ ಮೇಲೆ ಕೂರುತ್ತದೆ, ಗೆರೆಯೇ ಮಾಯವಾಗಿ ಇಡೀ ತುಂಡು ಗುಲಾಬಿ ಬಣ್ಣ ಆಗುತ್ತದೆ. ಬಿದಿರಿನ ಕಡ್ಡಿ ಎರಡು ಸಾಕು. ಕೊಡಗಿನಲ್ಲಿ ಬಿದಿರಿಗೇನು ಬರ.

ನಮ್ಮ ತಾತನ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕತ್ತಿ) ಒರೆಯ ಮೇಲಿನ ಬೆಳ್ಳಿ ಪಟ್ಟಿ ಸವೆದಿದೆ. ಈ ಹೊಸ ಥರದ ತಗಡು ಹಾಕಿದರೆ ಚೆನ್ನಾಗಿರುತ್ತದಾ? ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಮುಂಚೆ ಮಾಡಿಸಬೇಕು. ಮನೆಯಲ್ಲಿ ಕೆಲವರು ವಿದೇಶಿ ವಸ್ತು ಯಾಕೆ ಅನ್ನುತ್ತಾರೆ. (ನಾಪೋಕ್ಲು)

ವಿದೇಶಿ ಅನ್ನುವವರಿಗೆ ಮೊದಲು ಒಂದು ಮಾತು. ಈ ತಗಡು ಹುಟ್ಟಿದ್ದೇ ಕತ್ತಿಗಾಗಿ. ಜಪಾನಿನ ಅಕಿಟಾ ಎಂಬಲ್ಲಿ ದೆನ್ಬೇ ಶೋಆಮಿ ಅಂತ ಒಬ್ಬ ಕತ್ತಿಯ ಸಾಮಾನು ಮಾಡುವ ಕಸುಬುದಾರ ಇದ್ದ. 1651ರಲ್ಲಿ ಹುಟ್ಟಿ 1728ರಲ್ಲಿ ತೀರಿಕೊಂಡವನು. ಈ ವಿದ್ಯೆಯನ್ನು ಮೊದಲು ಮಾಡಿದವನು ಅಂತ ಅವನ ಹೆಸರನ್ನೇ ಹೇಳುತ್ತಾರೆ. ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೈ ಜಾರದ ಹಾಗೆ ಒಂದು ಬಿಲ್ಲೆ ಇರುತ್ತದೆ, ಒರೆಗೆ, ಹಿಡಿಗೆ ಚಿಕ್ಕ ಪಟ್ಟಿಗಳಿರುತ್ತವೆ. ಅವಕ್ಕೆ ಈ ಲೋಹ ಬಳಸುತ್ತಿದ್ದರು. ಉಂಗುರ, ಪದಕ ಎಲ್ಲ ಆಮೇಲೆ ಬಂದದ್ದು. ಆಯುಧ ಪೂಜೆ ಮಾಡುವ ಊರಿಗೆ ಕತ್ತಿಯ ತಗಡು ಬರುವುದರಲ್ಲಿ ಏನು ತಪ್ಪು?

ಆದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಬೇಡ. ತಾತನ ಒರೆಯ ಮೇಲಿನ ಸವೆದ ಬೆಳ್ಳಿ ಅದು ತಾತನ ಸೊಂಟಕ್ಕೆ ಸುತ್ತಿದ ಚೇಲೆ ಬಟ್ಟೆಗೆ ತಾಗಿ ಸವೆದದ್ದು. ಅದನ್ನು ಕಿತ್ತು ಹೊಸದು ಹಾಕಿದ ಮೇಲೆ ವಾಪಸ್ ಬರುವುದಿಲ್ಲ. ಸಡಿಲವಾಗಿದ್ದರೆ ಬಿಗಿ ಮಾಡಿಸಿ, ಅಷ್ಟೇ. ಆಸೆ ಇದ್ದರೆ ಹೊಸ ಕತ್ತಿಗೆ ಹೊಸ ಒರೆ ಮಾಡಿಸಿ, ಅದರ ಬಾಯಿಗೆ ಅರ್ಧ ಇಂಚಿನ ಒಂದು ಪಟ್ಟಿ ಹಾಕಿಸಿ. ಇಡೀ ಒರೆಗೆ ಸುತ್ತಿದರೆ ಗೆರೆ ಗೆರೆ ಗೆರೆ, ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಬೆಳ್ಳಿಯ ಪಕ್ಕ ಒಂದೇ ಪಟ್ಟಿ ಇದ್ದರೆ ಜನ ಹತ್ತಿರ ಬಂದು ನೋಡುತ್ತಾರೆ.

ಮಾಡುವವರಿಗೆ ಎರಡು ಸೂಚನೆ. ಬಗ್ಗಿಸುವ ಮೊದಲು ಅಂಚನ್ನು ಅರ ಹಾಕಿ ನುಣುಪು ಮಾಡಬೇಕು, ಗರಗಸದ ಒಂದು ಹಲ್ಲಿನ ಗುರುತು ಉಳಿದರೂ ಬಗ್ಗಿಸುವಾಗ ಬಿರುಕು ಅಲ್ಲಿಂದಲೇ ಶುರು. ಮತ್ತೆ ಬೆಸುಗೆ ಎಲ್ಲ ಮುಗಿಸಿ, ಆರಿಸಿ, ಆಮೇಲೆ ಮರಕ್ಕೆ ತೊಡಿಸುವುದು. ತೀರಾ ಬಿಗಿ ಬೇಡ. ನಮ್ಮ ಮಳೆಗಾಲಕ್ಕೆ ಮರ ಉಬ್ಬುತ್ತದೆ, ಲೋಹ ಉಬ್ಬುವುದಿಲ್ಲ. ಬೇಸಗೆಯಲ್ಲಿ ಸರಿಯಾಗಿ ಕೂತ ಬಾಗಿಲು ಆಗಸ್ಟಿನಲ್ಲಿ ಹಾಕಲು ಬರುವುದಿಲ್ಲವಲ್ಲ, ಅದೇ ಕಥೆ. ಅಂಟು ಹಾಕುವ ಬದಲು ಎರಡು ಚಿಕ್ಕ ಬೆಳ್ಳಿ ರಿವೆಟ್ ಹೊಡೆಯಿರಿ, ತೂತು ದುಂಡಗಿನದಕ್ಕಿಂತ ಒಂದು ಕೂದಲೆಳೆ ಉದ್ದ ಇರಲಿ.

ಎರಡು ವರ್ಷದ ಹಿಂದೆ ಒಬ್ಬರ ಹತ್ತಿರ ಬೆಳ್ಳಿ-ತಾಮ್ರದ ಉಂಗುರ ಕೊಂಡೆ. ಬೆರಳು ಹಸಿರಾಗುತ್ತದೆ. ಈಗ ತಾಮ್ರದ ಗೆರೆಗಳು ಒಳಗೆ ಇಳಿದು ಚಡಿ ಬಿದ್ದಿವೆ. ಮೋಸ ಹೋದೆನಾ? (ಮಡಿಕೇರಿ)

ಮೋಸ ಅನ್ನಲಾರೆ. ಆದರೆ ಮಾಡಿದವರು ಒಂದು ಕೆಲಸ ಉಳಿಸಿಕೊಂಡಿದ್ದಾರೆ.

ಹಸಿರು ತಾಮ್ರದ್ದು. ಬೆವರಿನ ಉಪ್ಪು, ಹುಳಿ ತಾಗಿ ತಾಮ್ರ ಬಿಡುವ ಬಣ್ಣ, ಸೋಪಿಗೆ ಹೋಗುತ್ತದೆ, ಹೆದರಬೇಡಿ. ಚಡಿ ಬಿದ್ದದ್ದಕ್ಕೆ ಕಾರಣ ಬೇರೆ. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಬಂದರೆ ಬ್ಯಾಟರಿ ಸೆಲ್ಲಿನ ಥರ ಕೆಲಸ ಶುರುವಾಗುತ್ತದೆ. ಬೆಳ್ಳಿಗೂ ತಾಮ್ರಕ್ಕೂ ಜೊತೆಯಾದರೆ ಸವೆಯುವ ಪಾಳಿ ಯಾವಾಗಲೂ ತಾಮ್ರದ್ದೇ. ಬೆಳ್ಳಿ ಹಾಗೇ ನಿಂತಿರುತ್ತದೆ, ಪಕ್ಕದ ತಾಮ್ರ ದಿನಾ ಒಂದಿಷ್ಟು ತಿನ್ನಿಸಿಕೊಳ್ಳುತ್ತದೆ. ಪದಕ, ಓಲೆಗಳಿಗೆ ಇದು ಅಷ್ಟು ತಟ್ಟುವುದಿಲ್ಲ, ಅವು ಬೆವರಿನಲ್ಲಿ ನೆನೆಯುವುದು ಕಡಿಮೆ. ಉಂಗುರ ಹಗಲಿಡೀ ಒದ್ದೆ.

ಅದಕ್ಕೇ ಉಂಗುರದ ಒಳಮೈಗೆ ಅಪ್ಪಟ ಬೆಳ್ಳಿಯ ತೆಳು ಬಳೆ ಕೂರಿಸಬೇಕು. ಬೆರಳಿಗೆ ತಾಗುವುದು ಬೆಳ್ಳಿ ಮಾತ್ರ, ಹೊರಗೆ ಕಾಣುವುದು ಗೆರೆ. ನಿಮ್ಮ ಉಂಗುರಕ್ಕೆ ಈಗಲೂ ಹಾಕಿಸಬಹುದು, ಅಳತೆ ಸ್ವಲ್ಪ ಬಿಗಿಯಾಗುತ್ತದೆ. ಹೊರಗಿನ ಚಡಿಗಳನ್ನು ತುಂಬಿಸಲು ಹೋಗಬೇಡಿ. ನಿಜ ಹೇಳಬೇಕೆಂದರೆ ನನಗೆ ಚಡಿ ಬಿದ್ದ ಹಳೆ ಉಂಗುರಗಳು ಹೊಸದಕ್ಕಿಂತ ಇಷ್ಟ, ಬೆರಳಿಂದ ಸವರಿದರೆ ಗೆರೆ ಕೈಗೇ ಗೊತ್ತಾಗುತ್ತದೆ. ಪಾತ್ರೆ ತೊಳೆಯುವಾಗ, ತೋಟದಲ್ಲಿ ಮೈಲುತುತ್ತ-ಸುಣ್ಣ ಹೊಡೆಯುವಾಗ ತೆಗೆದಿಡಿ. ಮಳೆಗಾಲದಲ್ಲಿ ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಮಾತ್ರೆ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದು ಜೊತೆಗಿಡಿ.

ನನ್ನ ತಗಡಿನಲ್ಲಿ ಗೆರೆ ಸರಿಯಾಗಿ ಕಾಣುವುದಿಲ್ಲ, ಎಲ್ಲ ಮಸುಕು ಮಸುಕು. ಪಾಲಿಶ್ ಮಾಡಿದಷ್ಟೂ ಹಾಳಾಗುತ್ತಿದೆ. ಬಣ್ಣ ಬರಿಸುವುದು ಹೇಗೆ? (ಕುಶಾಲನಗರ)

ಪಾಲಿಶ್ ನಿಲ್ಲಿಸಿ. ಈಗಲೇ.

ಈ ತಗಡಿನ ಗೆರೆ ಮೇಲೆ ಬಳಿದದ್ದಲ್ಲ, ಆಳಕ್ಕೆ ಇಳಿದದ್ದು. ಪತ್ರೊಡೆಯನ್ನು ಕತ್ತರಿಸಿದರೆ ಸುರುಳಿ ಕಾಣುತ್ತದಲ್ಲ, ಇನ್ನೊಂದು ಬಿಲ್ಲೆ ಕತ್ತರಿಸಿದರೆ ಸುರುಳಿ ಸ್ವಲ್ಪ ಬೇರೆ. ಹಾಗೆಯೇ ಇಲ್ಲಿ ಅರ ಹಾಕಿದಷ್ಟೂ ಕೆಳಗಿನ ಪದರ ಬರುತ್ತದೆ, ಗೆರೆ ಜಾಗ ಬದಲಿಸುತ್ತದೆ. ಕೊಂಡಾಗ ಇಷ್ಟಪಟ್ಟ ಸುಳಿ ನಾಲ್ಕು ಸಲ ಉಜ್ಜಿದ ಮೇಲೆ ಇರುವುದಿಲ್ಲ. ಗೀರು ಬೀಳದ ಹಾಗೆ ಮುಖಕ್ಕೆ ಟೇಪ್ ಅಂಟಿಸಿ ಕೆಲಸ ಮಾಡಿ, ಕೊನೆಗೆ 600 ನಂಬರಿನ ಎಮರಿ ಪೇಪರನ್ನು ನೀರು ಹಾಕಿ ಮೆಲ್ಲಗೆ ಎಳೆದರೆ ಸಾಕು. ಕನ್ನಡಿ ಹೊಳಪು ಬಂದರೆ ಬೆಳ್ಳಿಯೂ ತಾಮ್ರವೂ ಒಂದೇ ಥರ ಮಿಂಚಿ ಗೆರೆ ಮುಚ್ಚಿಹೋಗುತ್ತದೆ. ಮಂಕು ಮೈಯಲ್ಲೇ ಗೆರೆ ಚೆನ್ನಾಗಿ ಕಾಣುವುದು.

ಬಣ್ಣಕ್ಕೆ ಮೊಟ್ಟೆ. ನಗಬೇಡಿ. ಎರಡು ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಹಳದಿಯನ್ನು ಹಿಸುಕಿ ಮುಚ್ಚಳ ಇರುವ ಡಬ್ಬಿಗೆ ಹಾಕಿ, ಚೊಕ್ಕವಾಗಿ ತೊಳೆದ ತುಂಡನ್ನು ಮೊಟ್ಟೆಗೆ ತಾಗದ ಹಾಗೆ ದಾರದಲ್ಲಿ ತೂಗಿಬಿಟ್ಟು ಮುಚ್ಚಿ. ಮೊಟ್ಟೆಯಿಂದ ಬರುವ ಗಂಧಕದ ಹಬೆ ಲೋಹವನ್ನು ಕಂದು ಮಾಡುತ್ತದೆ. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ. ತಾಮ್ರ ಕಾಫಿ ಬೀಜದ ಬಣ್ಣಕ್ಕೆ ಬಂದಾಗ ನಿಲ್ಲಿಸಿ. ಬೆಳ್ಳಿಯೂ ಕಪ್ಪಾಗಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬೆರಳ ತುದಿಯಿಂದ ಉಜ್ಜಿ ಬೆಳ್ಳಿಯನ್ನಷ್ಟೇ ಎಬ್ಬಿಸಿ. ಮೇಲೆ ಸ್ವಲ್ಪ ಜೇನುಮೇಣ, ಬಟ್ಟೆಯಿಂದ ಒರೆಸಿ.

ಇನ್ನೂ ಎದ್ದು ಕಾಣಬೇಕೆಂದರೆ ಫೆರಿಕ್ ಕ್ಲೋರೈಡ್ ಇದೆ, ಎಲೆಕ್ಟ್ರಾನಿಕ್ಸ್ ಅಂಗಡಿಯವರು ಸರ್ಕ್ಯೂಟ್ ಬೋರ್ಡಿಗೆ ಮಾರುವುದು. ಅದು ತಾಮ್ರವನ್ನು ತಿನ್ನುತ್ತದೆ, ಬೆಳ್ಳಿಯನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ, ಬೆಳ್ಳಿ ಗೆರೆಗಳು ಏರಿ ನಿಲ್ಲುತ್ತವೆ. ಗ್ಲೌಸ್, ಕನ್ನಡಕ ಬೇಕು, ಗಾಳಿಯಾಡುವ ಜಾಗ ಬೇಕು, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಬಳಸಿದ ನೀರನ್ನು ದಯವಿಟ್ಟು ಚರಂಡಿಗೆ ಚೆಲ್ಲಬೇಡಿ. ನಿಮ್ಮೂರಿನ ಚರಂಡಿ ಎಲ್ಲಿಗೆ ಹೋಗುತ್ತದೆ ನಿಮಗೇ ಗೊತ್ತು, ಆ ನೀರಿನಲ್ಲಿ ತಾಮ್ರ ಇದೆ, ಮೀನಿಗೆ ವಿಷ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಮುಚ್ಚಿಟ್ಟರೆ ಮತ್ತೆ ಮತ್ತೆ ಬಳಸಲು ಬರುತ್ತದೆ, ಪೂರ್ತಿ ಸತ್ತ ಮೇಲೆ ಬೆಂಗಳೂರಿನ ಕಡೆ ರಾಸಾಯನಿಕ ತ್ಯಾಜ್ಯ ತಗೊಳ್ಳುವವರಿಗೆ ಕೊಡಿ. ಅಷ್ಟು ರಗಳೆ ಬೇಡ ಅನ್ನುವವರಿಗೆ ಮೊಟ್ಟೆಯೇ ಸರಿ.

ಇದನ್ನು ಬೆಳ್ಳಿ ಅಂತ ಮಾರಬಹುದಾ? (ಗೋಣಿಕೊಪ್ಪ, ಇನ್ನೊಬ್ಬರು)

ಬೇಡ. ಬಿಲ್ಲಿನಲ್ಲಿ ಬೆಳ್ಳಿ-ತಾಮ್ರ ಮಿಶ್ರ ತಗಡು ಅಂತ ಬರೆಯಿರಿ. ತೂಕದ ಲೆಕ್ಕದಲ್ಲಿ ಮಾರಬೇಡಿ, ಕೆಲಸದ ಲೆಕ್ಕದಲ್ಲಿ ಮಾರಿ.

ನಾನು ಡಿಪ್ಲೊಮಾ ವಿದ್ಯಾರ್ಥಿ. ತಗಡು ಕೊಳ್ಳಲು ದುಡ್ಡಿಲ್ಲ, ನಾನೇ ಮಾಡಬೇಕು. ಹತ್ತಿರ ಇರುವುದು ಗ್ಯಾಸ್ ಟಾರ್ಚ್, ಸುತ್ತಿಗೆ, ಅರ. ಆಗುತ್ತದಾ ಅಕ್ಕಾ? (ಪೊನ್ನಂಪೇಟೆ)

ಬೆಸುಗೆ ಇಲ್ಲದೆ ಕೂಡಿಸುವ ಕ್ರಮದಲ್ಲಿ ಆಗುವುದಿಲ್ಲ. ಅದಕ್ಕೆ ಬಿಸಿ ಹಿಡಿದಿಡುವ ಕುಲುಮೆ ಬೇಕು, ಉಕ್ಕಿನ ದಪ್ಪ ಪಟ್ಟಿಗಳ ನಡುವೆ ಬೋಲ್ಟ್ ಹಾಕಿ ಬಿಗಿಯಬೇಕು, ಗಾಳಿ ತಾಗದ ಹಾಗೆ ಇದ್ದಿಲಿನಲ್ಲಿ ಹೂಳಬೇಕು, ಆಮೇಲೆ ತಟ್ಟಬೇಕು, ರೋಲಿಂಗ್ ಮಿಲ್ಲಿಗೆ ಹಾಕಬೇಕು. ಟಾರ್ಚಿನಲ್ಲಿ ಮಾಡಿ ತೋರಿಸಿದವರೂ ಇದ್ದಾರೆ, ಆದರೆ ನಿಮ್ಮ ಗ್ಯಾಸ್ ಮುಗಿಯುವುದು ಮೊದಲು.

ಬೆಸುಗೆ ಹಾಕಿ ಮಾಡುವ ಬಡವರ ಕ್ರಮ ಒಂದಿದೆ. ಬೆಳ್ಳಿ ಬೇಡ, ತಾಮ್ರ-ಹಿತ್ತಾಳೆಯಲ್ಲಿ ಶುರು ಮಾಡಿ. ಅರ್ಧ ಮಿಲಿಮೀಟರ್ ದಪ್ಪದ ನಾಲ್ಕು ಚೌಕ, ಒಂದು ತಾಮ್ರ ಒಂದು ಹಿತ್ತಾಳೆ, ಒಂದೊಂದಕ್ಕೂ ಒಂದು ಮುಖಕ್ಕೆ ತೆಳುವಾಗಿ ಬೆಳ್ಳಿ ಬೆಸುಗೆ ಹರಿಸಿ, ತೊಳೆದು, ಒಂದರ ಮೇಲೊಂದು ಪೇರಿಸಿ ಬಿಗಿದು ಮತ್ತೆ ಕಾಯಿಸಿ. ನಾಲ್ಕೂ ಬದಿಯಲ್ಲಿ ಬೆಸುಗೆಯ ಮಿನುಗು ಕಂಡರೆ ಕೂಡಿದೆ ಅಂತ. ಆಮೇಲೆ ತಟ್ಟಿ, ಕಾಯಿಸಿ ಮೆತ್ತಗೆ ಮಾಡಿ, ಮತ್ತೆ ತಟ್ಟಿ, ಒಂದು ಮಿಲಿಮೀಟರಿಗೆ ಇಳಿಸಿ. ಗೆರೆ ಬರುವುದು ಇದರ ನಂತರ. ತಗಡನ್ನು ಮರದ ಕೊರಡಿನ ಮೇಲೆ ಬೋರಲು ಹಾಕಿ, ಮೊಂಡು ತುದಿಯ ಉಳಿಯಿಂದ ಹಿಂದಿನಿಂದ ಅಲ್ಲಲ್ಲಿ ಗುದ್ದಿ. ತಿರುಗಿಸಿದರೆ ಮುಖದ ಮೇಲೆ ಚಿಕ್ಕ ಉಬ್ಬುಗಳು, ಗುಬ್ಬಿಗಳು, ಎದ್ದಿರುತ್ತವೆ. ಆ ಗುಬ್ಬಿಗಳನ್ನು ಮಟ್ಟವಾಗುವ ತನಕ ಅರದಿಂದ ಉಜ್ಜಿ. ಮೊದಲು ಕೆಂಪಿನ ನಡುವೆ ಹಳದಿ ಚುಕ್ಕಿ ಕಾಣುತ್ತದೆ, ಚುಕ್ಕಿ ಬಳೆಯಾಗುತ್ತದೆ, ಬಳೆಯೊಳಗೆ ಮತ್ತೆ ಕೆಂಪು ಚುಕ್ಕಿ. ಅಲ್ಲಿಗೆ ಅರ ಕೆಳಗಿಡಿ. ಇನ್ನೊಂದೆರಡು ಸಲ ಎಳೆದರೆ ತೂತು.

ಮೊದಲು ಎರಡು ಬಣ್ಣದ ಜೇಡಿಮಣ್ಣಿನಲ್ಲಿ ಮಾಡಿ ನೋಡಿ, ಮಕ್ಕಳು ಆಡುವ ಬಣ್ಣದ ಕ್ಲೇ ಆದರೂ ಸರಿ. ಪೇರಿಸಿ, ಕೆಳಗಿನಿಂದ ಬೆರಳಲ್ಲಿ ಒತ್ತಿ, ಮೇಲಿನ ಗುಬ್ಬಿಯನ್ನು ಬ್ಲೇಡಿನಿಂದ ಸೀಳಿ. ಎಲ್ಲಿ ಎಷ್ಟು ಒತ್ತಿದರೆ ಎಂಥ ಕಣ್ಣು ಬರುತ್ತದೆ ಅಂತ ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ತಾಮ್ರದ ತುಂಡು ಬೇಕಿದ್ದರೆ ಹಳೆ ಹಂಡೆ, ಬಿಂದಿಗೆ ಕೊಳ್ಳುವ ಗುಜರಿಯವರನ್ನು ಕೇಳಿ, ತವರ ಬಳಿದ ಕಲಾಯಿ ತುಂಡು ಮಾತ್ರ ತರಬೇಡಿ, ಕಾಯಿಸಿದಾಗ ತವರ ತಾಮ್ರವನ್ನು ತಿಂದು ಹಳ್ಳ ಮಾಡುತ್ತದೆ. ಮಾಡಿದ ಮೊದಲ ತುಂಡಿನ ಫೋಟೊ ಕಳಿಸಿ. ಕೆಟ್ಟಿದ್ದರೂ ಕಳಿಸಿ.